ನೋಯದ ಕಾಲು

ಕುದುರೆ ಓಟದ ಕೊನೆಯ ತಪಾಸಣೆ ತಾಣದಲ್ಲಿ ಕುದುರೆಯ ಮುಂಗಾಲಿಗೆ ತಣ್ಣೀರು ಸುರಿಯುತ್ತಿದ್ದ ಅಕ್ಕನ ಕೈ ತಟ್ಟನೆ ನಿಂತಿತು. ಒದ್ದೆ ಕೂದಲ ನಡುವೆ ಸೂಜಿ ಚುಚ್ಚಿದ ಗುರುತು, ಅದರ ಸುತ್ತ ಹಸಿ ರಕ್ತ. ಊದಿದ ಜಾಗವನ್ನು ಹೆಬ್ಬೆರಳಿನಿಂದ ಅದುಮಿದಳು. ಬೆಳಿಗ್ಗೆ ಮುಟ್ಟಿದರೇ ಕಾಲೆತ್ತುತ್ತಿದ್ದ ಕುದುರೆ ಈಗ ಕದಲಲೇ ಇಲ್ಲ.

“ಇದಕ್ಕೆ ಏನು ಚುಚ್ಚಿದ್ಯೋ?” ಎಂದು ಸವಾರನಾಗಿದ್ದ ತಮ್ಮನನ್ನು ಕೇಳಿದಳು.

“ಮರಗಟ್ಟಿಸೋ ಇಂಜೆಕ್ಷನ್. ಸುಮ್ನಿರಕ್ಕಾ, ನೂರು ಮೈಲಿಯಲ್ಲಿ ಇಪ್ಪತ್ತೇ ಉಳಿದಿರೋದು. ನಾವೇ ಮುಂದಿದ್ದೀವಿ.”

ಅವಳ ಮೈಯೆಲ್ಲ ಉರಿದುಹೋಯಿತು. ಹುಟ್ಟಿದ ದಿನ ಈ ಕುದುರೆಯನ್ನು ಗೋಣಿತಾಟಿನಿಂದ ಒರೆಸಿ, ಎತ್ತಿ ನಿಲ್ಲಿಸಿದವಳು ಅವಳೇ. ನೋವು ಗೊತ್ತಾಗದೆ ಓಡಿದರೆ ಆ ಕಾಲು ಮುರಿಯುತ್ತದೆಂದು ಇವನಿಗೆ ತಿಳಿಯದ್ದೇನಲ್ಲ.

ತಪಾಸಣೆಯ ಡಾಕ್ಟರು ಕುದುರೆಯನ್ನು ಓಡಿಸಿ ನೋಡಿ, “ಕುಂಟುತ್ತಿಲ್ಲ, ಹೊರಡಬಹುದು” ಎಂದರು. ತಮ್ಮ ಕುದುರೆ ಏರಲು ರಿಕಾಪಿಗೆ ಕಾಲಿಟ್ಟ. ಅಕ್ಕ ಲಗಾಮು ಹಿಡಿದು ಅಡ್ಡ ನಿಂತಳು.

“ಡಾಕ್ಟ್ರೇ, ಈ ಕಾಲು ಒತ್ತಿ ನೋಡಿ, ಮರಗಟ್ಟಿದೆ. ಇವನೇ ಇಂಜೆಕ್ಷನ್ ಕೊಟ್ಟಿದ್ದಾನೆ.”

ಒತ್ತಿ ನೋಡಿದ ಡಾಕ್ಟರ ಮುಖ ಗಂಟಾಯಿತು. “ಕುದುರೆ ಓಟಕ್ಕೆ ಯೋಗ್ಯವಲ್ಲ ಅಂತ ಬರೀತೀನಿ,” ಎಂದರು.

“ಕುದುರೆ ಏನು ತಪ್ಪು ಮಾಡಿದೆ ಸ್ವಾಮಿ?” ಅವಳ ದನಿಗೆ ಮೈದಾನವೇ ತಿರುಗಿ ನೋಡಿತು. “ಸವಾರ ಯೋಗ್ಯನಲ್ಲ ಅಂತ ಬರೀರಿ. ಸಾಕ್ಷಿ ಅಂತ ನಾನು ಸಹಿ ಹಾಕ್ತೀನಿ.”