ಮೇಷ್ಟ್ರ ಟ್ರಂಪೆಟ್

ಬ್ಯಾಂಡ್ ಸ್ಪರ್ಧೆಯ ತೀರ್ಪುಗಾರ ಇನ್ನಾಸಪ್ಪನಿಗೆ ಪರದೆಯ ಆಚೆ ನುಡಿಸುವವರು ಕಾಣುತ್ತಿರಲಿಲ್ಲ. ಆದರೂ ಒಂದು ತಂಡದ ಟ್ರಂಪೆಟ್ ಕೇಳಿದ್ದೇ ಎದೆ ಝಲ್ಲೆಂದಿತು. ತನಗೆ ವಿದ್ಯೆ ಕೊಟ್ಟ ಸವರಪ್ಪ ಮೇಷ್ಟ್ರ ಊದುವಿಕೆ ಅದು! ಆದರೆ ಆ ತಂಡ ಮತ್ತೆ ಮತ್ತೆ ತಾಳ ತಪ್ಪುತ್ತಿತ್ತು. ಕೊನೆಯ ಸ್ಥಾನಕ್ಕೆ ಬಂದವರು ಮೊದಲ ದರ್ಜೆಯಿಂದ ಕೆಳಗಿಳಿಯಬೇಕಿತ್ತು. ಮೇಷ್ಟ್ರ ಮರ್ಯಾದೆ ಉಳಿಯಲೆಂದು ಅವನು ಅಂಕ ಏರಿಸಿದ. ಅವರಿಗಿಂತ ಚೆನ್ನಾಗಿ ನುಡಿಸಿದ್ದ ಇನ್ನೊಂದು ತಂಡ ಕೆಳಗಿಳಿಯಿತು.

ಮಾಡಿದ ತಪ್ಪು ಚುಚ್ಚುತ್ತಿದ್ದರೂ ಮೇಷ್ಟ್ರನ್ನು ಹುಡುಕಿಕೊಂಡು ಹೋಗಿ ಕಾಲಿಗೆರಗಿದ.

"ನಿಮ್ಮ ಟ್ರಂಪೆಟ್ ಕೇಳಿದ ಕೂಡಲೇ ಗುರುತು ಹಿಡಿದೆ, ಮೇಷ್ಟ್ರೇ."

"ಅದು ನನ್ನ ಮಗ ಕಣೋ, ಥೇಟ್ ನನ್ನ ಹಾಗೇ ಊದ್ತಾನೆ. ಜಗಳ ಆಡ್ಕೊಂಡು ನಾನು ಬೇರೆ ತಂಡ ಕಟ್ಟಿದೆ." ಮೇಷ್ಟ್ರು ಕಣ್ಣೊರೆಸಿಕೊಂಡರು. "ಇವತ್ತು ಕೆಳಗಿಳಿದಿದ್ದು ನನ್ನ ಆ ತಂಡವೇ."