ಜಲಜಳ ಕೈ

ಒಂಟಿಯಾಗಿರುವ ವೃದ್ಧ ಸಸ್ಯಾಹಾರಿಗಳಿಗೆ ಮನೆಗೆಲಸದವರ ಸಂಬಳ ಕೊಡುವ ಟ್ರಸ್ಟೊಂದರ ಕಾರ್ಯದರ್ಶಿ, ಹಾಸಿಗೆ ಹಿಡಿದ ಐತಾಳರ ಮನೆಗೆ ಬಂದವರು ಮೊದಲು ಅಡುಗೆಮನೆಗೆ ಹೋಗಿ ಪಾತ್ರೆ ಮೂಸಿದರು.

“ಕೆಲಸಕ್ಕೆ ಬರುವ ಆ ಜಲಜ ಮೀನು ತಿನ್ನುವವಳಂತಲ್ಲ?”

“ಅವಳ ಮನೆಯಲ್ಲಿ ತಿಂತಾಳೆ. ಇಲ್ಲಿ ನನಗೆ ಗಂಜಿ ಬೇಯಿಸಿ ಕೊಡ್ತಾಳೆ.”

“ಛೀ! ಆ ಕೈಯಿಂದ ಉಣ್ಣುವುದು ಹೇಗೆ ಮಾರಾಯ್ರೇ? ಅವಳನ್ನು ಬಿಡಿಸಿ. ನಮ್ಮವರನ್ನೇ ಕಳಿಸ್ತೇವೆ, ಸಂಬಳ ಟ್ರಸ್ಟಿನದ್ದು.”

“ಆಗಲಿ. ಬೆಳಿಗ್ಗೆ ನನ್ನ ಹೇಲು ತೆಗೆದು ಕುಂಡೆ ತೊಳೆಯುವುದೂ ನಿಮ್ಮವರೇ ಅಲ್ವಾ?”

ಕಾರ್ಯದರ್ಶಿ ಶಾಲಿನ ತುದಿಯನ್ನು ಮೂಗಿಗೆ ಒತ್ತಿಕೊಂಡರು.

“ಅಯ್ಯೋ, ನಮ್ಮವರು ಅದನ್ನೆಲ್ಲ ಮುಟ್ಟುವುದುಂಟಾ? ಅದಕ್ಕೆ ಜಲಜಳ ಕೈಯೇ ಆದೀತು.”