ಒಂದೇ ಹನಿ ಗೋಂದು

ಚಿಕ್ಕಮ್ಮನ ಜೊತೆ ಕೂತು, ಮನೆಯವರ ಫೋಟೋ ಅಂಟಿಸಿ ಮಾಡಿದ ಸ್ಕ್ರಾಪ್‌ಬುಕ್ಕನ್ನು ಹುಡುಗಿ ಎತ್ತಿ ಹಿಡಿದಿದ್ದೇ ತಡ, ಚಿಕ್ಕಮ್ಮನ ಫೋಟೋ ಕಳಚಿ ಕೆಳಗೆ ಬಿತ್ತು. ಅಪ್ಪ, ಅಜ್ಜಿ, ತೀರಿಹೋದ ಅಮ್ಮ, ಕೊನೆಗೆ ಪಕ್ಕದ ಮನೆ ಬೆಕ್ಕು ಕೂಡ ಇದ್ದಲ್ಲೇ ಇದ್ದರು.

"ಚಿಕ್ಕಮ್ಮಾ, ನಿನ್ನ ಫೋಟೋಗೆ ಮಾತ್ರ ಮೂಲೇಲಿ ಒಂದೇ ಹನಿ ಗೋಂದು ಹಾಕಿದ್ದೀಯಲ್ಲ!"

ಅಪ್ಪನನ್ನು ಮದುವೆಯಾಗಿ ಈ ಮನೆಗೆ ಬಂದು ಇನ್ನೂ ವರ್ಷ ತುಂಬದ ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು. ಅವಳು ಟೈಲರ್. ಮೈಗೆ ಸರಿಹೋಗುತ್ತೋ ಇಲ್ಲವೋ ಅನ್ನುವ ಬಟ್ಟೆಗೆ ಮೊದಲು ಕಚ್ಚಾ ಹೊಲಿಗೆ ಹಾಕಿಯೇ ರೂಢಿ. "ಅದು ಕಚ್ಚಾ ಹೊಲಿಗೆ ಕಣೇ. ಮುಂದೆ ನಿಂಗೆ ಬೇಡ ಅನ್ನಿಸಿದ್ರೆ ಪುಟ ಹರೀದ ಹಾಗೆ ಬಿಚ್ಚಬಹುದು," ಅಂದಳು ನಗುತ್ತಾ.

ಹುಡುಗಿ ನಗಲಿಲ್ಲ. ಮುಖ ಊದಿಸಿಕೊಂಡು ಫೋಟೋದ ಬೆನ್ನಿಗೆಲ್ಲ ಗೋಂದು ಮೆತ್ತಿದಳು. ಅಮ್ಮನ ಪಕ್ಕಕ್ಕೇ ಅಂಟಿಸಿ ಮುಷ್ಟಿಯಿಂದ ಗುದ್ದಿದಳು. ಅಂಚಿನಿಂದ ಉಕ್ಕಿದ ಗೋಂದು ಅಪ್ಪನ ಮೀಸೆಗೂ ತಗುಲಿತು. ಅಷ್ಟಕ್ಕೂ ಸಮಾಧಾನವಾಗದೆ, ಪುಸ್ತಕ ಮುಚ್ಚಿ ಬೆಂಚಿನ ಮೇಲಿಟ್ಟು ಅದರ ಮೇಲೇ ಕೂತುಬಿಟ್ಟಳು.

"ಏಳೇ ಮೇಲೆ, ಪುಟಗಳೆಲ್ಲ ಅಂಟಿಕೊಂಡುಬಿಡ್ತವೆ!"

ಹುಡುಗಿ ಏಳಲಿಲ್ಲ. ಪುಸ್ತಕದ ಅರ್ಧ ಭಾಗ ಬಿಟ್ಟು ಪಕ್ಕಕ್ಕೆ ಸರಿದಳು.

"ನನ್ನೊಬ್ಬಳ ಭಾರ ಸಾಲಲ್ಲ. ನೀನೂ ಬಂದು ಕೂತ್ಕೋ."